ಚೊಗರು ಬಿಟ್ಟ ಹಿಮ್ಮಡಿ

ತರೀಕೆರೆಯ ಷಣ್ಮುಖಪ್ಪನವರ ಅಡಿಕೆ ಕಣದಲ್ಲಿ ಉಚ್ಚಂಗಮ್ಮನ ಮಾತೇ ಕೊನೆಯ ಮಾತು. ಅಡಿಕೆ ಸುಲಿಯುವ ಹೆಂಗಸರ ತಂಡ ಕಟ್ಟಿದವಳು ಅವಳು. ಬೇಯಿಸಿದ ಅಡಿಕೆಯನ್ನು ಕಣಕ್ಕೆ ಸುರಿದಾಗ ಬರಿಗಾಲಿನಲ್ಲಿ ಸಾಲು ಹಿಡಿದು ಹರಡುತ್ತಾ ಮುಂದೆ ನಡೆಯುವವಳೂ ಅವಳೇ. ಅಡಿಕೆ ಬೆಂದು ಇಳಿದ ಕೆಂಗಪ್ಪು ರಸವೇ ಚೊಗರು. ಸುಗ್ಗಿ ಮುಗಿಯುವವರೆಗೂ ಆ ಬಣ್ಣ ಕೈಕಾಲು ಬಿಡದು. ಒಡೆದ ಹಿಮ್ಮಡಿಗೆ ಅದೇ ಮದ್ದೆಂದು ಆ ಹೆಂಗಸರು ನಂಬಿದ್ದರು. ಆದ್ದರಿಂದಲೇ ತನ್ನ ಎಡ ಹಿಮ್ಮಡಿಯಲ್ಲಿ ಕಪ್ಪು ಮಚ್ಚೆಯೊಂದು ಕಾಣಿಸಿಕೊಂಡು ಅಂಚು ಹರಡತೊಡಗಿದಾಗ, ಉಚ್ಚಂಗಮ್ಮ ಅದರ ಮೇಲೆ ಇನ್ನಷ್ಟು ಚೊಗರು ಬಳಿದುಕೊಂಡಳು. ಮಚ್ಚೆ ಬೆಳೆಯುತ್ತಲೇ ಹೋಯಿತು. ಕೊನೆಗೆ ಬಸ್ಸು ಹತ್ತಿ ಕಡೂರಿನ ಚರ್ಮದ ಡಾಕ್ಟರ್ ತ್ರಿವೇಣಿಯ ಬಳಿ ಹೋದಳು.

ತ್ರಿವೇಣಿ ಮೊಬೈಲಿಗೆ ಪುಟ್ಟ ಮಸೂರವೊಂದನ್ನು ಜೋಡಿಸಿ, ಹಿಮ್ಮಡಿಗೆ ಒತ್ತಿ ಹಿಡಿದು ಫೋಟೊ ತೆಗೆದಳು. ಸಾವಿರಾರು ಚರ್ಮದ ಚಿತ್ರಗಳಲ್ಲಿ ಪಳಗಿದ ಕಂಪ್ಯೂಟರ್ ಮಚ್ಚೆಯನ್ನಷ್ಟೇ ಅಲ್ಲ, ಇಡೀ ಹಿಮ್ಮಡಿಯನ್ನೇ ಅನುಮಾನದ ಕೆಂಪು ಗೆರೆಯಿಂದ ಸುತ್ತುಹಾಕಿತು.

"ಅಂಗಾಲಲ್ಲೂ ಬೆರಳಚ್ಚಿನ ಥರ ಗೆರೆ ಇರುತ್ತಮ್ಮ. ಮಚ್ಚೆ ಬಣ್ಣ ಆ ಗೆರೆ ತಗ್ಗಲ್ಲಿದ್ರೆ ಸಾಮಾನ್ಯವಾಗಿ ಭಯ ಇಲ್ಲ, ದಿಣ್ಣೆ ಮೇಲಿದ್ರೆ ಕ್ಯಾನ್ಸರ್ ಇರಬಹುದು. ನಿಮ್ಮ ಚೊಗರೂ ದಿಣ್ಣೆ ಮೇಲೇ ಕೂತಿದೆ. ಈ ಕಂಪ್ಯೂಟರಿಗೆ ಎರಡೂ ಒಂದೇ ಥರ ಕಾಣ್ತಿದೆ."

"ಹಂಗಾದ್ರೆ ನಿಮ್ಮ ಕಂಪ್ಯೂಟ್ರು ಅಡಿಕೆಯೋರ ಕಾಲೇ ನೋಡಿಲ್ಲ ಬಿಡಿ, ಡಾಕ್ಟ್ರಮ್ಮ."

ತ್ರಿವೇಣಿ ನಕ್ಕಳು, ಮರುಗಳಿಗೆಗೆ ಗಂಭೀರಳಾದಳು. "ಚೊಗರು ಬಿಡಿಸ್ಕೊಂಡು ಬೇಗ ಬನ್ನಿ. ಎಲ್ಲಿ ಕತ್ತರಿಸಿ ಪರೀಕ್ಷೆಗೆ ಕಳಿಸ್ಬೇಕು ಅಂತ ಗೊತ್ತಾಗ್ಬೇಕಲ್ಲ. ಕ್ಯಾನ್ಸರೇ ಆಗಿದ್ರೂ ಈಗಲೇ ಸಿಕ್ರೆ ಒಂಚೂರು ಚರ್ಮ ಹೋಗುತ್ತೆ. ತಡ ಆದ್ರೆ ಜೀವಕ್ಕೇ ಬರುತ್ತೆ."

ಮರುದಿನ ಉಚ್ಚಂಗಮ್ಮ ಕ್ಯಾನ್ವಾಸ್ ಬೂಟು ಹಾಕಿಕೊಂಡು ಕಣಕ್ಕೆ ಬಂದಳು. ಒಣಗುವ ಅಡಿಕೆಯ ಮೇಲೆ ಪಾದರಕ್ಷೆ ಇಡುವುದು ಅಲ್ಲಿ ಯಾರೂ ಮಾಡದ ಕೆಲಸ.

"ಏನಮ್ಮಾ, ಲಕ್ಷ್ಮಿ ಹರಡಿರೋ ಕಣಕ್ಕೆ ಬೂಟಲ್ಲಿ ಬಂದ್ಬಿಟ್ಟೆ?" ಎಂದರು ಷಣ್ಮುಖಪ್ಪ.

"ಇಸ್ಕೂಲಿಗೆ ಹೊಂಟವ್ಳೆ ಕಣ್ರೀ, ಬ್ಯಾಗು ಮರ್ತವ್ಳೆ!" ಜೊತೆಗಾತಿ ದುರ್ಗಮ್ಮನ ಮಾತಿಗೆ ಹೆಂಗಸರೆಲ್ಲ ನಕ್ಕರು.

ಉಚ್ಚಂಗಮ್ಮ ನಗಲಿಲ್ಲ. "ಬೂಟು ಆಗಲ್ಲ ಅಂದ್ರೆ ನಾನೇ ಕಣಕ್ಕೆ ಇಳಿಯಲ್ಲ. ಸುಲಿಯೋಕೆ ಕೂರ್ತೀನಿ. ಈ ಕಾಲು ಇನ್ನು ಚೊಗರು ಮುಟ್ಟಲ್ಲ."

"ಸುಗ್ಗಿ ನಡುವೆ ಸಾಲು ಹಿಡಿಯೋರ್ಯಾರು?"

"ದುರ್ಗಿ ಹಿಡೀತಾಳೆ. ಇಷ್ಟು ನಗೋಕೆ ಬರೋಳಿಗೆ ನಡೆಯೋಕೆ ಬರಲ್ವಾ?"

ತಾನೇ ಕಟ್ಟಿದ ಸಾಲು ಇನ್ನೊಬ್ಬಳ ಹಿಂದೆ ಸಾಗುವುದನ್ನು ಅವಳು ಕುಳಿತಲ್ಲಿಂದಲೇ ನೋಡಿದಳು. ಎದ್ದು ಹೋಗಬೇಕೆಂದು ಕಾಲು ತವಕಿಸಿದರೂ ಏಳಲಿಲ್ಲ. ದಿನಾ ಸಂಜೆ ನಿಂಬೆಹೋಳು ಹಿಡಿದು ಅಂಗಾಲು, ಹಿಮ್ಮಡಿ ಉಜ್ಜಿದಳು. ಚೊಗರು ಮೊದಲು ಬೆರಳ ಸಂದಿ ಬಿಟ್ಟಿತು, ಆಮೇಲೆ ಅಂಚು ಬಿಟ್ಟಿತು. ಹಿಮ್ಮಡಿ ಪೂರ್ತಿ ತಿಳಿಯಾದ ದಿನವೂ ಮಚ್ಚೆ ಮಾತ್ರ ಹಾಗೆಯೇ ಕಪ್ಪಗೆ ಕುಳಿತಿತ್ತು. ಯಾರಿಗೂ ಹೇಳದೆ ಬಸ್‌ಸ್ಟ್ಯಾಂಡಿಗೆ ನಡೆದಳು.

ಈ ಸಲ ಕೆಂಪು ಗೆರೆ ಮಚ್ಚೆಯೊಂದನ್ನೇ ಬಿಗಿಯಾಗಿ ಸುತ್ತಿತು. ಕಂಪ್ಯೂಟರಿನದು ಬರೀ ಅನುಮಾನ, ತೀರ್ಪಲ್ಲ ಎಂದ ತ್ರಿವೇಣಿ ಅಲ್ಲಿಂದಲೇ ಚೂರು ಚರ್ಮ ತೆಗೆದು ಪರೀಕ್ಷೆಗೆ ಕಳುಹಿಸಿದಳು. ಅದು ಕ್ಯಾನ್ಸರೇ ಆಗಿತ್ತು. ಆದರೆ ಇನ್ನೂ ಒಳಗೆ ಇಳಿದಿರಲಿಲ್ಲ. ಶಿವಮೊಗ್ಗದಲ್ಲಿ ಮಚ್ಚೆಯನ್ನು ಸುತ್ತಲಿನ ಚರ್ಮದ ಸಮೇತ ತೆಗೆದರು.

ಮುಂದಿನ ಸುಗ್ಗಿಗೆ ಉಚ್ಚಂಗಮ್ಮ ಕೊಂಚ ಕುಂಟುತ್ತಾ, ಬೂಟು ಹಾಕಿಕೊಂಡೇ ಬಂದಳು. ಷಣ್ಮುಖಪ್ಪ ಬೂಟಿನತ್ತ ನೋಡಿ, ಮಣೆಯೊಂದನ್ನು ಅವಳತ್ತ ಸರಿಸಿದರು. ಕಣದ ಬಾಗಿಲಲ್ಲೇ ಮಣೆ ಹಾಕಿಕೊಂಡು ಕುಳಿತ ಅವಳು ಒಳಗೆ ಹೋಗುವ ಒಬ್ಬೊಬ್ಬಳನ್ನೂ ತಡೆದು ಅಂಗಾಲು ತೋರಿಸಲು ಹೇಳಿದಳು. ಮನೆಯಲ್ಲೇ ಹಿಮ್ಮಡಿಗೆ ಚೊಗರು ಬಳಿದುಕೊಂಡು ಬಂದಿದ್ದ ದುರ್ಗಮ್ಮ ಹಿಂದೆ ಸರಿದಳು.

"ಬಿರುಕಿಗೆ ಹಚ್ಚಿದ್ದು, ಅಕ್ಕಾ."

"ತೊಳ್ಕಂಡು ಬಾರೇ," ಎಂದಳು ಉಚ್ಚಂಗಮ್ಮ. "ಕಾಲು ಕಾಣೋವರ್ಗೂ ಒಳಗೆ ಬಿಡಲ್ಲ."