ಎದೆಯ ಪ್ಯಾಚು, ಮಡಿಯ ಅಡುಗೆ

ಮೊದಲ ಸಲ ನಮ್ಮ ಯಜಮಾನರು ಬಿದ್ದಿದ್ದು ಪದ್ಮನಾಭನಗರದ ನಮ್ಮ ಮನೆಯಲ್ಲೇ, ಒಗ್ಗರಣೆ ಹಾಕುತ್ತಾ. ತಕ್ಷಣ ಎದ್ದು ಕೂತು, "ಏನಿಲ್ಲ ಕಣೇ, ಕಣ್ಣು ಕತ್ತಲೆ ಬಂತು" ಅಂದರು. ಮನೆಮನೆಗೆ ಹೋಗಿ ತಿಥಿಯ ಮಡಿ ಅಡುಗೆ ಮಾಡುವವರು ಅವರು. ಕುದಿಯುವ ಎಣ್ಣೆಯ ಮುಂದೆ ನಿಲ್ಲುವವರು.

ಜಯನಗರದ ಡಾಕ್ಟರು ತೆಗೆಸಿದ ಇಸಿಜಿ ನಾರ್ಮಲ್. "ಬೀಳೋ ಹೊತ್ತಿಗೆ ಹಾರ್ಟ್ ಏನ್ಮಾಡುತ್ತೆ ಅಂತ ಗೊತ್ತಾಗ್ಬೇಕಮ್ಮ. ಆಗ ಪೇಸ್‌ಮೇಕರ್ ಬೇಕೋ ಬೇಡ್ವೋ ಹೇಳ್ತೀನಿ" ಎಂದು ಇವರ ಎದೆಗೊಂದು ಪ್ಯಾಚ್ ಅಂಟಿಸಿದರು. ಅದು ಎದೆಬಡಿತ ಅಳೆದು ಇವರ ಮೊಬೈಲಿನ ಮೂಲಕ ಆಸ್ಪತ್ರೆಗೆ ಕಳಿಸುತ್ತದೆ; ಆ ಬಡಿತದ ಗೆರೆ ನನ್ನ ಮೊಬೈಲಿನಲ್ಲೂ ಕಾಣುತ್ತದೆ. ಬಿಟಿಎಂ ಆಫೀಸಿನಲ್ಲಿ ಕೂತು ದಿನವಿಡೀ ಅದನ್ನೇ ನೋಡುತ್ತಿದ್ದೆ. ಮದುವೆಯಾದಾಗಿನಿಂದ ಈ ಮನುಷ್ಯನ ಎದೆಯೊಳಗೆ ಏನಿದೆ ಅಂತ ಇಷ್ಟು ಸಲೀಸಾಗಿ ಯಾವತ್ತೂ ತಿಳಿದಿರಲಿಲ್ಲ.

ಒಂದು ಬೆಳಿಗ್ಗೆ ಗೆರೆ ನಿಂತಿತು.

ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಆಸ್ಪತ್ರೆಯವರು, "ನಮಗೂ ಡೇಟಾ ಬರ್ತಿಲ್ಲ ಮೇಡಂ, ಪೇಷೆಂಟ್ ಹತ್ರ ಯಾರಿದ್ದಾರೆ?" ಅಂದರು. ಅವತ್ತು ಇವರು ಹೊಸಕೆರೆಹಳ್ಳಿಯ ಒಂದು ಮನೆಗೆ ತಿಥಿ ಅಡುಗೆಗೆ ಹೋಗಿದ್ದರು. ಆಟೋ ಹಿಡಿದೆ. ಟ್ರಾಫಿಕ್ಕಿನಲ್ಲಿ ಅದು ಕದಲದು. "ಬೇಗ ಹೋಗಣ್ಣಾ" ಅಂದರೆ ಡ್ರೈವರ್, "ಹಾರ್ಕೊಂಡು ಹೋಗ್ಲಾ ಅಕ್ಕಾ?" ಅಂದ. ಅತ್ತುಬಿಟ್ಟೆ.

ಹೊಸಕೆರೆಹಳ್ಳಿಯ ಆ ಮನೆಯಲ್ಲಿ ಅಡುಗೆಮನೆ ಬಾಗಿಲಲ್ಲೇ ತಡೆದರು. "ಒಳಗೆ ಮಡಿ, ಬರ್ಬೇಡಿ." ಬಗ್ಗಿ ನೋಡಿದೆ. ಮಡಿಪಂಚೆಯಲ್ಲಿ ನಿಂತು ವಡೆ ತಟ್ಟುತ್ತಿದ್ದಾರೆ! ಬರಿ ಎದೆ. ಮಡಿಗೆ ಆ ಅಂಟು, ಪ್ಲಾಸ್ಟಿಕ್ಕು ಆಗದು ಅಂತ ಪ್ಯಾಚ್ ಕಿತ್ತು, ಮೊಬೈಲಿನ ಜೊತೆ ಹೊರಗಿನ ಕಿಟಕಿಯಲ್ಲಿಟ್ಟಿದ್ದರು.

"ನಿಮಗೆ ಬುದ್ಧಿ ಇದೆಯೇನ್ರೀ?" ಹೊರಗಿನಿಂದಲೇ ಕಿರುಚಿದೆ.

ಮನೆಯಾಕೆ ಮೆಲ್ಲಗೆ ಹೇಳಿದರು: "ಆಗ್ಲೇ ಒಂದ್ಸಲ ಕುಸಿದು ಬಿದ್ರು. ಮಡಿಯಲ್ಲಿದ್ರಲ್ಲ, ಮುಟ್ಟೋಕೆ ನಮಗೆ ಭಯ. ಅವರೇ ಎದ್ರು."

ಯಾವ ಗಳಿಗೆಗಾಗಿ ಕಾಯುತ್ತಿದ್ದೆವೋ ಅದು ಬಂದು ಹೋಗಿತ್ತು. ಆಸ್ಪತ್ರೆಗೆ ಅದರ ಗೆರೆ ತಲುಪಲೇ ಇಲ್ಲ.

ಡಾಕ್ಟರು ಬೈಯಲಿಲ್ಲ. ಹೊಸ ಪ್ಯಾಚ್ ಹಾಕಿ, "ಇನ್ನೊಂದ್ಸಲ ಸಿಗೋವರೆಗೂ ಕಾಯ್ಬೇಕು" ಅಂದರು. ಅಂದರೆ ಇನ್ನೊಂದು ಸಲ ಬೀಳಬೇಕು. ಗಂಡ ಬೀಳಲಿ ಅಂತ ಯಾವ ದೇವರಿಗೆ ಹರಕೆ ಹೊರಲಿ?

ನಿನ್ನೆ ಯಾರೋ ತಿಥಿ ಅಡುಗೆಗೆ ಕರೆದರು. ಇವರು ಎದೆ ಮುಟ್ಟಿಕೊಂಡು, "ಇದಿರೋವರೆಗೂ ನನಗೆ ಮಡಿ ಇಲ್ಲ ಸ್ವಾಮಿ, ಬೇರೆಯವರನ್ನ ನೋಡ್ಕೊಳ್ಳಿ" ಅಂದರು. ಒಂದು ಮನೆಗೂ ಇಲ್ಲ ಅಂದವರಲ್ಲ. ಫೋನಿಟ್ಟು ಒಳಗೆ ಹೋಗಿ ನನಗೆ ಕಾಫಿ ಬೆರೆಸಿ ತಂದರು. ನಾನು ಮೊಬೈಲಿನ ಗೆರೆ ನೋಡುತ್ತಾ ಕೂತಿದ್ದೆ.

"ಇಲ್ಲೇ ಇದೀನಲ್ಲೇ" ಅಂದರು.

ಮೊಬೈಲ್ ಕೆಳಗಿಟ್ಟು ಲೋಟ ತಗೊಂಡೆ.