ಗುಡ್ಡದ ಮೇಲೆ ನೀರು ಕುದಿಸುತ್ತಿದ್ದ ಸಾರ್

ನಮ್ಮ ಫಿಸಿಕ್ಸ್ ಸಾರ್ ಅವರ ಎರಡೂ ಕಾಲಿನ ಹೆಬ್ಬೆರಳಿನ ಉಗುರುಗಳು ಸದಾ ಕಪ್ಪಗೆ ಕಂದಿರುತ್ತಿದ್ದವು. ಗುಡ್ಡ ಇಳಿಯುವಾಗ ಬೂಟಿನ ಮೂತಿಗೆ ಗುದ್ದಿ ಗುದ್ದಿ ಹಾಗಾಗಿದ್ದು. ಸೇಲಂನ ಕಾಲೇಜಿನಲ್ಲಿ ಅವರು ಚಪ್ಪಲಿ ಹಾಕಿಕೊಂಡು ಪಾಠ ಮಾಡುವಾಗ, ಮುಂದಿನ ಬೆಂಚಿನವರು ಬೋರ್ಡು ಬಿಟ್ಟು ಆ ಉಗುರುಗಳನ್ನೇ ನೋಡುತ್ತಿದ್ದೆವು.

ತರಗತಿಯಲ್ಲಿ ಅವರದು ತಮಿಳು, ಇಂಗ್ಲಿಷು. ನಾನು ಪಾಪಿರೆಡ್ಡಿಪಟ್ಟಿ ಕಡೆಯ ಕನ್ನಡದವನೆಂದು ಗೊತ್ತಾದ ಮೇಲೆ, ನನ್ನನ್ನು ಗುಡ್ಡಕ್ಕೆ ಕರೆದುಕೊಂಡು ಹೋದಾಗಲೆಲ್ಲ ನಮ್ಮಿಬ್ಬರ ಮನೆಮಾತು ಕನ್ನಡವೇ. ಐವತ್ತು ದಾಟಿದ್ದರೂ ಭಾನುವಾರ ಬಂದರೆ ಕಾಲು ಮನೆಯಲ್ಲಿ ನಿಲ್ಲದು. ಗುಹೆ ಕಂಡರೆ ನುಗ್ಗುವರು, ಹೊಳೆ ಕಂಡರೆ ಧುಮುಕುವರು. "ಓಗಿ ನೋಡ್ದೆ ಎಂಗ್ಲಾ ಗೊತ್ತಾಗ್ತೈತೆ?" ಎನ್ನುವುದು ಎಲ್ಲದಕ್ಕೂ ಅವರ ಉತ್ತರ. ಪ್ರತಿ ಗುಡ್ಡದ ತುದಿಯಲ್ಲೂ ಪುಳ್ಳೆ ಆಯ್ದು ಒಲೆ ಹೂಡಿ, ನೀರು ಕುದಿಸಿ ಥರ್ಮಾಮೀಟರ್ ಇಳಿಬಿಡುತ್ತಿದ್ದರು. ಮೇಲೆ ಹೋದಷ್ಟೂ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಅದರಿಂದ ಎತ್ತರ ಲೆಕ್ಕ ಹಾಕುವುದು. ಫೋನೇ ಹೇಳುತ್ತದಲ್ಲ ಸಾರ್ ಎಂದರೆ, "ಫೋನ್ ಮಾತು ಬ್ಯಾಡ, ನೀರು ಏನಂತೈತೋ ಕೇಳು" ಎಂದು ಗದರುತ್ತಿದ್ದರು. ಮಸಿ ಹಿಡಿದ ಪಾತ್ರೆಯನ್ನು ಮನೆಗೆ ಹೋಗಿ ತಾವೇ ತಿಕ್ಕುವರು.

ಒಂದು ಸಲ ನಮ್ಮೂರ ಗುಡ್ಡಕ್ಕೆ ಬಂದಾಗ ಅವರ ಮಂಡಿ ಊದಿತ್ತು. ಪಾತ್ರೆ, ಥರ್ಮಾಮೀಟರ್ ನನ್ನ ಕೈಗೆ ಕೊಟ್ಟು, "ಇವತ್ತು ನೀನೇ ಓಗ್ಬುಟ್ಟು ಸೀಕ್ರಂ ಬಾ, ತಡ ಮಾಡ್ಬ್ಯಾಡ" ಎಂದು, ಕುರಿ ಮೇಯಿಸುವವರ ಜೊತೆ ಬುಡದಲ್ಲೇ ಕೂತರು. ನಾನು ಅರ್ಧ ದಾರಿಯಲ್ಲಿ ಹುಣಸೆಮರದ ನೆರಳು ಕಂಡು ಮಲಗಿಬಿಟ್ಟೆ. ಸೋಮಾರಿತನ, ಬೇರೇನಿಲ್ಲ. ಫೋನಿನಲ್ಲಿ ಗುಡ್ಡದ ಎತ್ತರ ಹುಡುಕಿ, ಲೆಕ್ಕ ಹಾಕಿ, ತೊಂಬತ್ತಾರು ಡಿಗ್ರಿ ಎಂದು ಬರೆದುಕೊಂಡು ಇಳಿದೆ. ಸಾರ್ ಪಾತ್ರೆಯನ್ನು ಬೋರಲು ಮಾಡಿ ನೋಡಿದರು. ತಳದಲ್ಲಿ ಚೂರೂ ಮಸಿಯಿರಲಿಲ್ಲ. ಹಾಗೇ ಚೀಲಕ್ಕೆ ಹಾಕಿಕೊಂಡರು.

ಮುಂದಿನ ಭಾನುವಾರ ಒಬ್ಬರೇ ಬಂದು ಅದೇ ಗುಡ್ಡ ಹತ್ತಿದರು. ಇಳಿಯುವಾಗ ಜಾರಿ ಬಿದ್ದು ಆ ಮಂಡಿಯ ಚಿಪ್ಪೇ ಒಡೆಯಿತು. ಆಸ್ಪತ್ರೆಗೆ ನೋಡಲು ಹೋದೆ.

"ನಂಗೆ ತೊಂಬತ್ತಾರೂವರೆ ಬಂತು ಕಣ್ಲಾ. ನಿಂಗೆ?"

"ತೊಂಬತ್ತಾರು, ಸಾರ್."

ನನ್ನ ಮುಖವನ್ನೇ ನೋಡಿದರು. ನಿಜ ಹೇಳಲಿ ಎಂದು ಕಾಯುತ್ತಿದ್ದಾರೆಂಬುದು ನನಗೂ ಗೊತ್ತಿತ್ತು. ನಾನು ಅವರ ಹೊದಿಕೆ ಸರಿಮಾಡತೊಡಗಿದೆ. ಕೊನೆಗೆ ಅವರೇ, "ಅವತ್ತು ಗಾಳಿ ಒತ್ತಡ ಕಮ್ಮಿ ಇತ್ತೇನೋ, ಬುಡು" ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತು. "ಊಂ ಸಾರ್, ಇದ್ರೂ ಇರ್ಬೋದು" ಎಂದೆ. ಇಷ್ಟು ನಾಚಿಕೆಗೇಡಿನ ಇನ್ನೊಂದು ಮಾತನ್ನು ನಾನು ಆಡಿಲ್ಲ.

ಆಮೇಲೆ ಅವರು ಗುಡ್ಡ ಹತ್ತಲೇ ಇಲ್ಲ. ಕೋಲೂರಿಕೊಂಡೇ ಪಾಠ ಮಾಡಿದರು. ನನಗೆ ಮಾರ್ಕು ಕಮ್ಮಿ ಕೊಡಲಿಲ್ಲ, ಮಾತೂ ಕಮ್ಮಿ ಮಾಡಲಿಲ್ಲ. ಒಂದೇ ಒಂದು ಸಲ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಈಗ ನಾನೂ ಮೊರಪ್ಪೂರಿನ ಹತ್ತಿರ ಫಿಸಿಕ್ಸ್ ಮೇಷ್ಟ್ರು. ಮಕ್ಕಳು ಲ್ಯಾಬಿನಲ್ಲಿ ರೀಡಿಂಗ್ ಕದ್ದು ಬರೆದರೆ ಬಯ್ಯಲು ನನಗೆ ನಾಲಗೆ ಏಳುವುದಿಲ್ಲ.

ಹೋದ ವರ್ಷ ಸಾರ್ ತೀರಿಕೊಂಡರು. ಮನೆಯಲ್ಲಿ ಅವರ ಹೆಂಡತಿ, ಬಂದವರಿಗೆಲ್ಲ ನನ್ನನ್ನು ತೋರಿಸಿ, "ಇವ್ನೇ ನೋಡಿ. ಅವ್ರಿಗೆ ಕಾಲಿಗಾಗ್ದಿದ್ದಾಗ ಅವ್ರ ಬದ್ಲು ಗುಡ್ಡದ್ ತುದಿಗೆ ಓಗಿ ಬಂದೋನು. ಕಣ್ ಮುಚ್ಚೋ ಗಂಟ ಅದ್ನೇ ಅಂತಿದ್ರು" ಎಂದರು. ಕಟ್ಟಿಕೊಂಡವಳ ಮುಂದೆಯೂ ಸಾರ್ ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹೌದೆಂದು ತಲೆಯಾಡಿಸಿದೆ.