ಮೊದಲ ಕುಲಪತಿಗಳ ಎಮ್ಮೆ

ಮೊನ್ನೆ ಮೌಂಟನ್ ವ್ಯೂನ ನಮ್ಮ ಅಪಾರ್ಟ್‌ಮೆಂಟಿಗೆ ಮಗಳ ಹೆಸರಿಗೊಂದು ಕೈಪಿಡಿ ಅಂಚೆಯಲ್ಲಿ ಬಂತು. ಈ ಕಡೆಯ ಒಂದು ಹಳೆಯ ವಿಶ್ವವಿದ್ಯಾಲಯದ್ದು; ಹೆಸರು ಬೇಡ, ಕಾರಣ ನಿಮಗೇ ತಿಳಿಯುತ್ತದೆ. ಮೊದಲ ಕುಲಪತಿಗಳು ತಮ್ಮ ಹಸುವನ್ನು ತರಗತಿಗೆ ಕರೆತರುತ್ತಿದ್ದುದರಿಂದಲೇ ಹಳೆಯ ಕಟ್ಟಡದ ಮೊಗಸಾಲೆ ಅಷ್ಟು ಅಗಲವಾಗಿದೆ ಎಂದು ಅದರ ಇತಿಹಾಸದ ಪುಟದಲ್ಲಿತ್ತು.

“ಅಮ್ಮ, ದಿಸ್ ಈಸ್ ಸೋ ಕ್ಯೂಟ್” ಎಂದಳು ಮಗಳು.

ಆ ಹಸು ನಮ್ಮ ಮಾವನವರದು.

ಮಾವನವರು ಗದಗಿನ ಹೈಸ್ಕೂಲಿನಲ್ಲಿ ಜೀವಮಾನವೆಲ್ಲ ಇತಿಹಾಸ ಹೇಳಿ ನಿವೃತ್ತರಾದವರು. ಮಗಳು ಹುಟ್ಟುವ ಮೊದಲು ಆರು ತಿಂಗಳಿಗೆಂದು ಇಲ್ಲಿಗೆ ಬಂದಿದ್ದರು. ನನಗಾಗ ಈ ದೇಶದಲ್ಲಿ ಕೆಲಸ ಮಾಡುವ ಪರವಾನಗಿ ಇರಲಿಲ್ಲ, ಅವರಿಗೆ ಪಾಠ ಹೇಳಲು ಹುಡುಗರಿರಲಿಲ್ಲ. ಇಬ್ಬರು ನಿರುದ್ಯೋಗಿಗಳು ದಿನಾ ರೈಲು ಹತ್ತಿ ಆ ಮೊಗಸಾಲೆಯ ನೆರಳಲ್ಲಿ ಹೋಗಿ ಕೂರುತ್ತಿದ್ದೆವು. ಧೋತರ, ಕೋಟು, ಬಿಳಿ ಟೋಪಿ ಕಂಡವರು ಅವರನ್ನು ಪ್ರಾಧ್ಯಾಪಕರೆಂದೇ ತಿಳಿಯುತ್ತಿದ್ದರು. ಒಂದು ದಿನ ಪ್ರವಾಸಿ ದಂಪತಿ ಬಂದು, ಈ ಮೊಗಸಾಲೆ ಯಾಕಿಷ್ಟು ಅಗಲ ಎಂದು ಕೇಳಿದರು. ನಾನು ಮಾವನವರಿಗೆ ಪ್ರಶ್ನೆ ತಿಳಿಸಿದೆ.

“ಮೊದಲನೇ ಕುಲಪತಿಗಳ ಎಮ್ಮಿ ಹೊಳ್ಳಿ ತಿರುಗಾಕ ಜಾಗ ಬೇಕಾಗಿತ್ತು. ಹೇಳವಾ ಅವರಿಗೆ” ಎಂದರು.

“ಮಾವ, ಇದನ್ನ ಎಲ್ಲಿ ಓದಿದ್ರಿ?”

“ಮಾಸ್ತರ ಗೊತ್ತಿಲ್ಲ ಅಂದ್ರ ಕ್ಲಾಸು ಕೈ ಬಿಟ್ಟು ಹೋಗತೈತಿ. ನೀ ಹೇಳು.”

ಎಮ್ಮೆಯನ್ನು ಬಫೆಲೋ ಎಂದರೆ ಇವರಿಗೆ ಇಲ್ಲಿನ ಕಾಡುಪ್ರಾಣಿ ನೆನಪಾದೀತೆಂದು ನಾನು ಹಸು ಎಂದೆ. ದಂಪತಿ ಶ್ರದ್ಧೆಯಿಂದ ಬರೆದುಕೊಂಡರು. ಮರುವಾರ ಇನ್ನಷ್ಟು ಜನ ಹುಡುಕಿಕೊಂಡು ಬಂದರು. ತಿಂಗಳೊಪ್ಪತ್ತಿನಲ್ಲಿ ಮಾವನವರ ಕತೆಯಲ್ಲಿ ಆ ಹಸುವಿಗೆ ಗೌರವ ಡಾಕ್ಟರೇಟೂ ಸಿಕ್ಕಿತು. ನಾನು ನಾಚಿಕೆಯಿಲ್ಲದೆ ಅನುವಾದಿಸುತ್ತಲೇ ಹೋದೆ. ಸಂಜೆ ರೈಲಿನಲ್ಲಿ ಮಾವನವರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು. ಬಂದ ಹೊಸದರಲ್ಲಿ ಅವರು ಹಾಗೆ ಕೂತದ್ದನ್ನು ನಾನು ಕಂಡಿರಲಿಲ್ಲ.

ಅವರು ತೀರಿಕೊಂಡು ವರ್ಷಗಳಾದವು. ಈಗ ಮಗಳು ಆ ಹಸುವನ್ನು ಅಲ್ಲಿಗೆ ಸೇರಲು ಬರೆಯುವ ಅರ್ಜಿಯ ಪ್ರಬಂಧಕ್ಕೇ ಸೇರಿಸಲು ಹೊರಟಾಗ ನನಗೆ ಭಯವಾಯಿತು. ವಿಶ್ವವಿದ್ಯಾಲಯದ ದಾಖಲೆಗಳ ಕಚೇರಿಗೆ ಫೋನು ಮಾಡಿ, ಅಂಥ ಹಸು ಇರಲೇ ಇಲ್ಲ ಎಂದೆ.

“ಅದನ್ನು ಬಹಳ ಜನ ನೆನಪಿಸಿಕೊಂಡಿದ್ದಾರೆ” ಎಂದಳು ಅಲ್ಲಿದ್ದ ಹೆಂಗಸು, ಸಮಾಧಾನದಿಂದ. “ಇರಲಿಲ್ಲ ಎನ್ನಲು ನಿಮ್ಮಲ್ಲಿ ಆಧಾರ ಏನಿದೆ?”

ಏನೂ ಇರಲಿಲ್ಲ. ನನಗರಿವಿಲ್ಲದೆ, “ಅದು ಹಸು ಅಲ್ಲ, ಎಮ್ಮೆ. ಅನುವಾದದ ತಪ್ಪು ನನ್ನದು” ಎಂದುಬಿಟ್ಟೆ.

ಅವಳು ಗಂಭೀರಳಾದಳು. ಟೈಪು ಮಾಡುವ ಸದ್ದು ಕೇಳಿಸಿತು. ಹೇಳಿದವರು ಯಾರೆಂದು ಕೇಳಿದಳು. ಮಾವನವರ ಹೆಸರನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.

“ಅವರ ವೃತ್ತಿ?”

“ಇತಿಹಾಸದ ಮಾಸ್ತರು.”

“ಯಾವ ವಿಶ್ವವಿದ್ಯಾಲಯ?”

“ನಿಮ್ಮದೇ” ಎಂದೆ.